ಕೈಯಲ್ಲಿ ಕಾಸಿಲ್ಲದಾಗ ಹೊಳೆದದ್ದು

‘ಕೊಲಂಬೊ’ ಸೀರಿಯಲ್‌ನಲ್ಲಿ ಕೊಲೆಗಾರ ಯಾರು ಅಂತ ನಮಗೆ ಮೊದಲೇ ಗೊತ್ತಿರುತ್ತದೆ. ಎಪಿಸೋಡ್ ಶುರುವಾಗುವುದೇ ಕೊಲೆಯಿಂದ. ಯಾರು ಮಾಡಿದರು, ಹೇಗೆ ಮಾಡಿದರು, ಸಾಕ್ಷಿ ಹೇಗೆ ಮುಚ್ಚಿದರು, ಎಲ್ಲ ನಮ್ಮ ಕಣ್ಣೆದುರೇ ನಡೆಯುತ್ತದೆ. ಆಮೇಲೆ ಮುದುರಿದ ರೇನ್‌ಕೋಟ್ ಹಾಕಿಕೊಂಡು, ಬೆರಳ ಸಂದಿಯಲ್ಲಿ ಸಿಗಾರ್ ಸಿಕ್ಕಿಸಿಕೊಂಡು ಒಬ್ಬ ಪೊಲೀಸ್ ಬರುತ್ತಾನೆ. ಏನೇನೋ ಪ್ರಶ್ನೆ ಕೇಳುತ್ತಾನೆ, ಮಧ್ಯೆ ಹೆಂಡತಿ ವಿಷಯ ತೆಗೆಯುತ್ತಾನೆ, ಜೇಬೆಲ್ಲ ತಡಕುತ್ತಾನೆ, ಥ್ಯಾಂಕ್ಸ್ ಹೇಳಿ ಬಾಗಿಲ ತನಕ ಹೋಗುತ್ತಾನೆ. ಕೊಲೆಗಾರನ ಭುಜ ಸ್ವಲ್ಪ ಸಡಿಲವಾಗುತ್ತದೆ. ಅಷ್ಟರಲ್ಲಿ ಕೊಲಂಬೊ ನಿಲ್ಲುತ್ತಾನೆ, ಹಣೆಗೆ ಕೈ ಇಟ್ಟುಕೊಳ್ಳುತ್ತಾನೆ, ತಿರುಗುತ್ತಾನೆ. ‘ಸರ್, ಇನ್ನೊಂದೇ ಒಂದು ವಿಷಯ.’

ಅಲ್ಲಿಗೆ ಆ ಕೊಲೆಗಾರನ ಕಥೆ ಮುಗಿಯಿತು. ಅವನಿಗೂ ಗೊತ್ತಾಗುತ್ತದೆ, ನಮಗೂ ಗೊತ್ತಾಗುತ್ತದೆ.

ಈ ‘ಇನ್ನೊಂದೇ ಒಂದು ವಿಷಯ’ ಹೇಗೆ ಹುಟ್ಟಿತು ಗೊತ್ತಾ? ರಿಚರ್ಡ್ ಲೆವಿನ್ಸನ್, ವಿಲಿಯಂ ಲಿಂಕ್ ಅಂತ ಇಬ್ಬರು ಸ್ನೇಹಿತರು ಸೇರಿ ಬರೆಯುತ್ತಿದ್ದರು. ಟೈಪ್‌ರೈಟರ್ ಕಾಲ ಅದು. ಒಂದು ದೃಶ್ಯ ಬರೆದು ಮುಗಿಸಿ ನೋಡಿದರೆ ತೀರಾ ಚಿಕ್ಕದಾಗಿದೆ, ಇನ್ನೂ ಸ್ವಲ್ಪ ಮಾತು ಬೇಕು, ಆದರೆ ಕೊಲಂಬೊ ಆಗಲೇ ಬಾಗಿಲು ದಾಟಿ ಹೋಗಿಬಿಟ್ಟಿದ್ದಾನೆ. ಇಡೀ ದೃಶ್ಯ ಮತ್ತೆ ಟೈಪ್ ಮಾಡಲು ಇಬ್ಬರಿಗೂ ಬೇಜಾರು. ಅದಕ್ಕೇ ಹೋದವನನ್ನು ವಾಪಸ್ ಕರೆಸಿ ಇನ್ನೊಂದು ಪ್ರಶ್ನೆ ಕೇಳಿಸಿದರು. ಇದನ್ನು ಅವರೇ ಹೇಳಿಕೊಂಡಿದ್ದಾರೆ.

ಈ ಕಥೆ ಓದಿದ ದಿನದಿಂದ ನನ್ನ ತಲೆಯಲ್ಲಿ ಒಂದು ಯೋಚನೆ ಕೂತಿದೆ. ಸೀರಿಯಲ್‌ಗಳಲ್ಲಿ ನಮಗೆ ತುಂಬಾ ಇಷ್ಟವಾದ ಎಷ್ಟೋ ಸಂಗತಿಗಳು ಯಾವುದೋ ಒಂದು ಇಲ್ಲದೇ ಇದ್ದದ್ದರಿಂದ ಬಂದಿವೆ. ದುಡ್ಡಿಲ್ಲ, ಟೈಮ್ ಇಲ್ಲ, ನಟನಿಗೆ ಹುಷಾರಿಲ್ಲ, ಸೆಟ್ ಇಲ್ಲ. ಇಲ್ಲ ಅಂದ ಕೂಡಲೇ ಯಾರಿಗೋ ಒಂದು ದಾರಿ ಹೊಳೆದಿದೆ.

‘ಸ್ಟಾರ್ ಟ್ರೆಕ್’ ತೆಗೆದುಕೊಳ್ಳಿ. 1966ರಲ್ಲಿ ಶುರುವಾದದ್ದು. ಪ್ರತಿ ವಾರ ಹೊಸ ಗ್ರಹ. ಅಂದರೆ ಪ್ರತಿ ವಾರ ಆ ದೊಡ್ಡ ಅಂತರಿಕ್ಷ ನೌಕೆ ಎಲ್ಲೋ ಇಳಿಯಬೇಕು, ಮತ್ತೆ ಏಳಬೇಕು. ಅದನ್ನು ತೋರಿಸಲು ಬೇಕಾದಷ್ಟು ದುಡ್ಡು ಇರಲಿಲ್ಲ. ಹಾಗಾಗಿ ನೌಕೆ ಇಳಿಯುವುದೇ ಬೇಡ, ಮನುಷ್ಯರನ್ನೇ ಇಲ್ಲಿ ಕರಗಿಸಿ ಅಲ್ಲಿ ಮೂಡಿಸೋಣ ಅಂದರು. ಟ್ರಾನ್ಸ್‌ಪೋರ್ಟರ್ ಬಂದದ್ದು ಹೀಗೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಇಳಿಯುವ ದೃಶ್ಯಕ್ಕೆ ಟೈಮ್ ಹೋಗುವುದಿಲ್ಲ, ನೇರವಾಗಿ ಕಥೆ ಒಳಗೆ ಕಾಲಿಡಬಹುದು. ಇವತ್ತು ಎಷ್ಟು ಖರ್ಚು ಬೇಕಾದರೂ ಮಾಡಬಹುದು, ಆದರೂ ಆ ಮಿನುಗುವ ಬೆಳಕು ಬಿಟ್ಟು ಸ್ಟಾರ್ ಟ್ರೆಕ್ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ.

ಇದೇ ಮಾತು ‘ಡಾಕ್ಟರ್ ಹೂ’ಗೆ ಇನ್ನೂ ಜಾಸ್ತಿ ಹೊಂದುತ್ತದೆ. ಬಿಬಿಸಿಯಲ್ಲಿ 1963ರ ನವೆಂಬರ್ 23ರಂದು ಮೊದಲ ಎಪಿಸೋಡ್ ಬಂತು. ಹಿಂದಿನ ದಿನ ಅಮೆರಿಕದಲ್ಲಿ ಕೆನಡಿ ಹತ್ಯೆ ಆಗಿತ್ತು. ಜನ ಆ ಸುದ್ದಿಯಲ್ಲೇ ಮುಳುಗಿದ್ದರು, ಹಾಗಾಗಿ ಮುಂದಿನ ವಾರ ಎರಡನೇ ಎಪಿಸೋಡ್‌ಗೆ ಮೊದಲು ಮೊದಲನೆಯದನ್ನೇ ಇನ್ನೊಮ್ಮೆ ತೋರಿಸಿದರು. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಯಂತ್ರ ಅದರಲ್ಲಿದೆ, ಟಾರ್ಡಿಸ್. ಅದು ಹೋದ ಕಡೆಯೆಲ್ಲ ಆ ಜಾಗಕ್ಕೆ ತಕ್ಕ ರೂಪ ತಾಳಬೇಕು. ಆದರೆ ಪ್ರತಿ ಕಥೆಗೆ ಹೊಸ ರೂಪ ಕಟ್ಟಿಸುವ ಖರ್ಚು ಯಾರು ಕೊಡುತ್ತಾರೆ? ಯಂತ್ರ ಕೆಟ್ಟುಹೋಗಿದೆ, ನೀಲಿ ಪೊಲೀಸ್ ಪೆಟ್ಟಿಗೆಯ (ಪೊಲೀಸರಿಗೆ ಫೋನ್ ಮಾಡಲು ಬ್ರಿಟನ್ನಿನ ಬೀದಿಗಳಲ್ಲಿ ಇಡುತ್ತಿದ್ದ ಗೂಡು) ರೂಪದಲ್ಲೇ ಸಿಕ್ಕಿಹಾಕಿಕೊಂಡಿದೆ ಅಂತ ಕಥೆಯಲ್ಲೇ ಹೇಳಿಬಿಟ್ಟರು. ಅರವತ್ತು ವರ್ಷ ದಾಟಿದರೂ ಅದಿನ್ನೂ ಕೆಟ್ಟೇ ಇದೆ.

ಆ ಪೆಟ್ಟಿಗೆ ಹೊರಡುವಾಗ ಬರುವ ಸದ್ದು ಇದೆಯಲ್ಲ, ಉಸಿರು ಕಟ್ಟಿದ ಹಾಗೆ, ಕಬ್ಬಿಣ ನರಳಿದ ಹಾಗೆ ಕೇಳುವ ಸದ್ದು. ಅದನ್ನು ಮಾಡಿದವರು ಬಿಬಿಸಿಯ ಬ್ರಯಾನ್ ಹಾಡ್ಜ್‌ಸನ್. ಅವರ ಹತ್ತಿರ ಸಿಂಥಸೈಜರ್ ಇರಲಿಲ್ಲ. ಅಮ್ಮನ ಮನೆಯ ಬೀಗದ ಕೈ ತೆಗೆದುಕೊಂಡು ಒಂದು ಹಳೆಯ ಪಿಯಾನೊದ ತಂತಿಗಳ ಮೇಲೆ ಉದ್ದಕ್ಕೆ ಉಜ್ಜಿದರು. ಆಮೇಲೆ ಟೇಪಿನಲ್ಲಿ ಅದಕ್ಕೆ ಪ್ರತಿಧ್ವನಿ ಎಲ್ಲ ಸೇರಿಸಿ ತಿದ್ದಿದರು. ಇದು ಗೊತ್ತಾದ ಮೇಲೆ ಗಮನ ಇಟ್ಟು ಕೇಳಿದರೆ ಆ ಉಜ್ಜುವಿಕೆ ನಿಜವಾಗಿಯೂ ಕಿವಿಗೆ ಸಿಗುತ್ತದೆ. ತಂತಿಯ ಒಂದೊಂದು ಸುರುಳಿಗೂ ಕೀ ತಾಗಿ ಕರಕರ ಅನ್ನುವುದು.

ಮೂರು ವರ್ಷ ಆದ ಮೇಲೆ ಡಾಕ್ಟರ್ ಪಾತ್ರ ಮಾಡುತ್ತಿದ್ದ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೈಕೊಟ್ಟಿತು. ಹೀರೊನೇ ಹೋದರೆ ಸೀರಿಯಲ್ ಮುಚ್ಚಬೇಕು ತಾನೇ? ಅವರು ಮುಚ್ಚಲಿಲ್ಲ. ಈ ಡಾಕ್ಟರ್ ಬೇರೆ ಲೋಕದವನು, ಅವನ ದೇಹ ಸೋತಾಗ ಇನ್ನೊಂದು ದೇಹ ತಾಳುತ್ತಾನೆ ಅಂದರು. 1966ರಲ್ಲಿ ಪ್ಯಾಟ್ರಿಕ್ ಟ್ರೌಟನ್ ಅದೇ ಡಾಕ್ಟರ್ ಆಗಿ ಎದ್ದು ಕೂತರು. ಬೇರೆ ಮುಖ, ಬೇರೆ ಸ್ವಭಾವ. ಟಿವಿ ಇತಿಹಾಸದಲ್ಲೇ ಇದಕ್ಕಿಂತ ಧೈರ್ಯದ ತೀರ್ಮಾನ ನನಗೆ ಕಂಡಿಲ್ಲ. ಒಬ್ಬ ನಟನ ಕಾಯಿಲೆಯಿಂದ ಬಂದ ಆ ತೀರ್ಮಾನವೇ ಸೀರಿಯಲ್‌ಗೆ ಸಾವಿಲ್ಲದ ಹಾಗೆ ಮಾಡಿಬಿಟ್ಟಿತು.

ನಮ್ಮ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಕೂಡ ನನ್ನ ಲೆಕ್ಕದಲ್ಲಿ ಇದೇ ಸಾಲಿಗೆ ಸೇರುತ್ತದೆ. ಇಲ್ಲದ ಊರೊಂದನ್ನು ತೋರಿಸಬೇಕು. ಸ್ಟುಡಿಯೊ ಒಳಗೆ ಹಲಗೆ ಬಡಿದು ಊರು ಕಟ್ಟುವ ಬದಲು ಆಗುಂಬೆಯ ಬೀದಿ, ಮನೆ, ಜಗಲಿಗಳನ್ನೇ ಮಾಲ್ಗುಡಿ ಮಾಡಿದರು. ಅದಕ್ಕೇ ಅಲ್ಲಿನ ಮಳೆ ಮಳೆಯ ಹಾಗೇ ಕಾಣುತ್ತದೆ. ಒಂದೊಂದು ಎಪಿಸೋಡ್ ಅರ್ಧ ಗಂಟೆಯೂ ಇಲ್ಲ, ಆದರೆ ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ ಓಡಿಬಂದು ನಿಂತ ಕೂಡಲೇ ಇಡೀ ಬಾಲ್ಯ ಕಣ್ಣೆದುರು ಬಂದುಬಿಡುತ್ತದೆ. ಎಲ್. ವೈದ್ಯನಾಥನ್ ಅವರ ಆ ಟೈಟಲ್ ಸಂಗೀತ ಇರುವ ಕಡೆ ‘ಸ್ಕಿಪ್’ ಬಟನ್ ಒತ್ತುವವರನ್ನು ನಾನಂತೂ ನೋಡಿಲ್ಲ.

ಕೆಲವು ಸಲ ದುಡ್ಡು ಮೊದಲು ಇದ್ದು ಆಮೇಲೆ ಖಾಲಿಯಾಗುತ್ತದೆ. ‘ಬ್ರೇಕಿಂಗ್ ಬ್ಯಾಡ್’ನ ಮೂರನೇ ಸೀಸನ್‌ನಲ್ಲಿ ಹಾಗೇ ಆಯಿತು. ಬಜೆಟ್ ಮೀರಿ ಹೋಗಿತ್ತು. ಇಂಥ ಹೊತ್ತಿನಲ್ಲಿ ಟಿವಿಯವರು ಮಾಡುವ ಒಂದು ಉಪಾಯ ಇದೆ, ಅದಕ್ಕೆ ‘ಬಾಟಲ್ ಎಪಿಸೋಡ್’ ಅಂತ ಹೆಸರು. ಆಗಲೇ ಕಟ್ಟಿದ ಸೆಟ್ ಒಂದರಲ್ಲಿ, ಇರುವ ನಟರಲ್ಲೇ ಇಬ್ಬರು ಮೂವರನ್ನು ಹಾಕಿಕೊಂಡು ಇಡೀ ಎಪಿಸೋಡ್ ಮುಗಿಸುವುದು. 2010ರಲ್ಲಿ ಬಂದ ‘ಫ್ಲೈ’ ಹಾಗೆ ಹುಟ್ಟಿದ್ದು. ಮಾದಕ ವಸ್ತು ತಯಾರಿಸುವ ಲ್ಯಾಬ್ ಒಳಗೆ ಒಂದು ನೊಣ ಬಂದಿದೆ, ಅಲ್ಲಿ ಕೆಲಸ ಮಾಡುವ ಕಥಾನಾಯಕ ವಾಲ್ಟರ್ ಅದನ್ನು ಹಿಡಿಯಬೇಕು. ಅಷ್ಟೇ ಕಥೆ. ನಿರ್ದೇಶಕ ರಯಾನ್ ಜಾನ್ಸನ್.

ಈ ಎಪಿಸೋಡ್ ಇಷ್ಟಪಡದವರು ತುಂಬಾ ಜನ ಇದ್ದಾರೆ. ಏನೂ ನಡೆಯುವುದಿಲ್ಲ ಅನ್ನುತ್ತಾರೆ. ನನ್ನ ಪ್ರಕಾರ ಇಡೀ ಸೀರೀಸ್‌ನ ಹೃದಯ ಅಲ್ಲೇ ಇದೆ. ನಿದ್ದೆ ಮಾತ್ರೆಯ ಮಂಪರಿನಲ್ಲಿ ವಾಲ್ಟರ್ ಮೆಲ್ಲಗೆ ಮಾತಾಡುತ್ತಾನೆ, ನಾನು ಯಾವ ರಾತ್ರಿ ಸಾಯಬೇಕಿತ್ತು ಅಂತ ಲೆಕ್ಕ ಹಾಕುತ್ತಾನೆ. ಮನೆಯಲ್ಲಿ ಹೆಂಡತಿ ಮಗುವಿಗೆ ಜೋಗುಳ ಹಾಡುತ್ತಿದ್ದದ್ದು ಕೇಳಿಸುತ್ತಿತ್ತು, ಆ ಕ್ಷಣಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು ಅನ್ನುತ್ತಾನೆ. ಅವನ ಜೊತೆಗಾರ ಜೆಸ್ಸಿ ಆಗ ಏಣಿಯ ತುದಿಯಲ್ಲಿ ನೊಣದ ಹಿಂದೆ ಬಿದ್ದಿದ್ದಾನೆ. ಕೆಳಗೆ ವಾಲ್ಟರ್ ಏಣಿ ಹಿಡಿದುಕೊಂಡಿದ್ದಾನೆ. ಒಂದು ಮಾತು ಜಾಸ್ತಿ ಆಡಿದರೆ ಇಬ್ಬರ ಸಂಬಂಧವೇ ಮುಗಿಯುತ್ತದೆ, ಆ ಮಾತು ತುಟಿ ತನಕ ಬಂದು ವಾಪಸ್ ಹೋಗುತ್ತದೆ. ಗುಂಡು, ಸ್ಫೋಟ ಯಾವುದೂ ಇಲ್ಲದೆ ನಾನು ಕುರ್ಚಿ ತುದಿಗೆ ಬಂದು ಕೂತಿದ್ದೆ. ಬಜೆಟ್ ಇದ್ದಿದ್ದರೆ ಈ ಎಪಿಸೋಡ್ ಇರುತ್ತಲೇ ಇರಲಿಲ್ಲ.

ಆಕಸ್ಮಿಕಗಳ ರಾಜ ಅಂದರೆ ನಿರ್ದೇಶಕ ಡೇವಿಡ್ ಲಿಂಚ್. ‘ಟ್ವಿನ್ ಪೀಕ್ಸ್’ ಮೊದಲ ಎಪಿಸೋಡ್ ಶೂಟಿಂಗ್‌ನಲ್ಲಿ ಫ್ರಾಂಕ್ ಸಿಲ್ವ ಅನ್ನುವವರು ಸೆಟ್ ಜೋಡಿಸುವ ಕೆಲಸದಲ್ಲಿದ್ದರು. ಒಂದು ಶಾಟ್‌ನಲ್ಲಿ ಅವರ ಪ್ರತಿಬಿಂಬ ತಪ್ಪಿ ಕನ್ನಡಿಯಲ್ಲಿ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಇನ್ನೊಂದು ಟೇಕ್ ತೆಗೆಯುತ್ತಿದ್ದರು. ಲಿಂಚ್ ಅದನ್ನೇ ಇಟ್ಟುಕೊಂಡರು, ಆ ಮನುಷ್ಯನನ್ನೇ ಬಾಬ್ ಮಾಡಿದರು. ಆ ಕಥೆಯ ಭಯಕ್ಕೆಲ್ಲ ಅವನೇ ಮೂಲ. ಮಂಚದ ಹಿಂದಿನಿಂದ ಅವನ ಮುಖ ಇಣುಕುವ ದೃಶ್ಯವನ್ನು ರಾತ್ರಿ ಒಬ್ಬರೇ ಕೂತು ನೋಡಬೇಡಿ, ಇದು ನಿಜವಾದ ಸಲಹೆ.

ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ಇಲ್ಲದೇ ಇರುವುದು ಬೇರೆ, ಮೇಲಿಂದ ಒತ್ತಡ ಬರುವುದು ಬೇರೆ. ಎರಡನ್ನೂ ಒಂದೇ ಅಂದುಕೊಂಡರೆ ತಪ್ಪಾಗುತ್ತದೆ. ಅದೇ ‘ಟ್ವಿನ್ ಪೀಕ್ಸ್’ನಲ್ಲಿ ಲಾರಾ ಪಾಮರ್‌ಳನ್ನು ಕೊಂದವರು ಯಾರು ಅಂತ ಬೇಗ ಹೇಳಿ ಅಂತ ಚಾನೆಲ್‌ನವರು ಪಟ್ಟು ಹಿಡಿದರು. ಹೇಳಿದರು. ಹೇಳಿದ ಮೇಲೆ ಕಥೆಯ ಪ್ರಾಣವೇ ಹೋಯಿತು, 1991ರಲ್ಲಿ ನಿಂತಿತು. ಲಿಂಚ್‌ಗೆ ಆ ನೋವು ಕೊನೆತನಕ ಇತ್ತು. ದುಡ್ಡು ಇಲ್ಲ ಅಂದರೆ ಬರೆಯುವವರು ಯೋಚನೆ ಮಾಡುತ್ತಾರೆ. ಹೀಗೇ ಬರೆಯಿರಿ ಅಂದರೆ ಯೋಚನೆ ನಿಲ್ಲಿಸುತ್ತಾರೆ. ‘ಡಲ್ಲಾಸ್’ನಲ್ಲಿ ಇನ್ನೊಂದು ಥರ ಆಯಿತು. ಬಾಬಿ ಪಾತ್ರ ಸತ್ತುಹೋಗಿತ್ತು, ನಟನಿಗೆ ಮತ್ತೆ ಬರುವ ಮನಸ್ಸಾಯಿತು, 1986ರಲ್ಲಿ ಬಾಬಿ ಆರಾಮಾಗಿ ಸ್ನಾನ ಮಾಡುತ್ತಾ ಕಾಣಿಸಿಕೊಂಡ. ಅಂದರೆ ಹಿಂದಿನ ಸೀಸನ್ ಪೂರ್ತಿ ಅವನ ಪ್ರಿಯತಮೆ ಪಾಮ್ ಕಂಡ ಕನಸು! ಒಂದು ವರ್ಷ ವಾರ ವಾರ ಕೂತು ನೋಡಿದವರಿಗೆ ಇದು ಮಾಡಿದ ಮೋಸ. ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ.

ಒತ್ತಡದ ಮಧ್ಯೆ ಜಾಣತನದಿಂದ ಜಾಗ ಮಾಡಿಕೊಂಡವರು ಅಂದರೆ ‘ಮ್ಯಾಶ್’ ತಂಡದವರು. ಕೊರಿಯಾ ಯುದ್ಧದ ಸೇನಾ ಆಸ್ಪತ್ರೆಯೊಂದರ ಕಥೆ ಅದು. ಯುದ್ಧ ನಡೆದದ್ದು ಮೂರು ವರ್ಷ, ಸೀರಿಯಲ್ ನಡೆದದ್ದು 11 ಸೀಸನ್. 1983ರ ಫೆಬ್ರವರಿ 28ರ ಕೊನೆಯ ಎಪಿಸೋಡ್ ಅನ್ನು ಅಮೆರಿಕದಲ್ಲಿ ಹತ್ತು ಕೋಟಿಗೂ ಹೆಚ್ಚು ಜನ ನೋಡಿದರು. ಇದು ಹಾಸ್ಯದ ಸೀರಿಯಲ್, ಆದ್ದರಿಂದ ಹಿನ್ನೆಲೆಯಲ್ಲಿ ನಗುವಿನ ಸದ್ದು ಇರಲೇಬೇಕು ಅಂತ ಚಾನೆಲ್ ಹೇಳಿತು. ತಂಡಕ್ಕೆ ಅದು ಬೇಡವಾಗಿತ್ತು. ಕೊನೆಗೆ ಒಂದು ಒಪ್ಪಂದ ಮಾಡಿಕೊಂಡರು: ಆಪರೇಷನ್ ಥಿಯೇಟರ್ ಒಳಗೆ ಮಾತ್ರ ನಗು ಕೇಳಿಸಬಾರದು. ಈಗ ನೋಡಿದರೆ ಆ ನಿಶ್ಶಬ್ದವೇ ಎಷ್ಟು ಮಾತಾಡುತ್ತದೆ. ಹೊರಗೆ ಜೋಕ್ ಆದ ಕೂಡಲೇ ನಗು, ಬಾಗಿಲು ತಳ್ಳಿ ಒಳಗೆ ಬಂದ ಕೂಡಲೇ ಉಪಕರಣಗಳ ಟಿಣ್ ಟಿಣ್ ಸದ್ದು ಮಾತ್ರ.

1975ರಲ್ಲಿ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಬ್ಲೇಕ್ ಸತ್ತ ಸುದ್ದಿ ತಿಳಿಯುವ ದೃಶ್ಯ ಇದೇ ಥಿಯೇಟರ್‌ನಲ್ಲಿ ಬರುತ್ತದೆ. ಸ್ಕ್ರಿಪ್ಟ್‌ನ ಆ ಕೊನೆಯ ಪುಟವನ್ನು ಶೂಟಿಂಗ್ ಹೊತ್ತಿನ ತನಕ ಹೆಚ್ಚಿನ ನಟರಿಗೆ ಕೊಟ್ಟೇ ಇರಲಿಲ್ಲ. ಹೆನ್ರಿ ಮನೆಗೆ ಹೊರಟ, ಎಲ್ಲ ಖುಷಿಯಾಗಿ ಬೀಳ್ಕೊಟ್ಟಾಯಿತು. ರಾಡಾರ್ ಅನ್ನುವ ಗುಮಾಸ್ತ ಮಾಸ್ಕ್ ಇಲ್ಲದೆ ಒಳಗೆ ಬರುತ್ತಾನೆ, ಕೈಯಲ್ಲಿ ಒಂದು ಕಾಗದ. ವಿಮಾನ ಸಮುದ್ರದ ಮೇಲೆ ಬಿತ್ತು, ಯಾರೂ ಉಳಿಯಲಿಲ್ಲ ಅಂತ ಓದುತ್ತಾನೆ. ಯಾರೂ ಕೆಲಸ ನಿಲ್ಲಿಸುವ ಹಾಗಿಲ್ಲ, ಮೇಜಿನ ಮೇಲೆ ಗಾಯಾಳುಗಳಿದ್ದಾರೆ. ಎಲ್ಲೋ ಒಂದು ಉಪಕರಣ ಕೆಳಗೆ ಬಿದ್ದ ಸದ್ದು ಕೇಳುತ್ತದೆ. ಮಾಸ್ಕ್ ಮೇಲೆ ಕಣ್ಣು ಮಾತ್ರ ಕಾಣುತ್ತದೆ, ಆ ಕಣ್ಣುಗಳೇ ಸಾಕು. ನಾನು ಈ ದೃಶ್ಯವನ್ನು ಹತ್ತು ಸಲವಾದರೂ ನೋಡಿರಬಹುದು, ಒಂದು ಸಲವೂ ಸುಮ್ನೆ ನೋಡಿ ಏಳಲು ಆಗಿಲ್ಲ.

ಸರಿ, ಹೊಸವು?

ಹೊಸ ಸೀರೀಸ್‌ಗಳು ಕೆಟ್ಟವು ಅಂತ ನಾನು ಹೇಳುವುದಿಲ್ಲ, ಅದು ಸುಳ್ಳು. ನನ್ನ ತಕರಾರು ಒಂದೇ. ಕೈಯಲ್ಲಿ ಎಲ್ಲವೂ ಇದ್ದಾಗ ಎಲ್ಲಿ ನಿಲ್ಲಿಸಬೇಕು ಅನ್ನುವುದು ಮರೆತುಹೋಗುತ್ತದೆ. ‘ಸ್ಟ್ರೇಂಜರ್ ಥಿಂಗ್ಸ್’ 2016ರಲ್ಲಿ ಬಂದಾಗ ನಾನು ಎಷ್ಟು ಖುಷಿಪಟ್ಟೆ ಅಂತ ಹೇಳಲಾರೆ. ಎಂಟು ಎಪಿಸೋಡ್, ನಾಲ್ಕು ಹುಡುಗರು, ಸೈಕಲ್, ಗೋಡೆ ಮೇಲೆ ಬಣ್ಣದ ಬಲ್ಬುಗಳು. ಆ ಬಲ್ಬು ಹತ್ತಿ ಆರುವುದರಲ್ಲೇ ಒಬ್ಬ ತಾಯಿ ಮಗನ ಜೊತೆ ಮಾತಾಡುತ್ತಾಳೆ! ಅದಕ್ಕಿಂತ ದೊಡ್ಡ ಗ್ರಾಫಿಕ್ಸ್ ಬೇಕಾ? ಆಮೇಲೆ ಸೀಸನ್‌ನಿಂದ ಸೀಸನ್‌ಗೆ ಎಪಿಸೋಡ್ ಉದ್ದವಾಯಿತು, ಮಧ್ಯದ ಕಾಯುವಿಕೆ ಇನ್ನೂ ಉದ್ದವಾಯಿತು. 2019, ಆಮೇಲೆ 2022, ಆಮೇಲೆ 2025. ಒಟ್ಟು 42 ಎಪಿಸೋಡ್, ಒಂಬತ್ತು ವರ್ಷ. ಕಥೆಯಲ್ಲಿ ಹೈಸ್ಕೂಲ್ ಮಕ್ಕಳು, ತೆರೆಯ ಮೇಲೆ ದೊಡ್ಡವರು. ಹಳೆಯ ‘ಸ್ಟಾರ್ ಟ್ರೆಕ್’ ಮೂರೇ ವರ್ಷದಲ್ಲಿ 79 ಎಪಿಸೋಡ್ ಕೊಟ್ಟು ಹೋಗಿತ್ತು. ‘ಸೆವೆರೆನ್ಸ್’ ನನಗೆ ತುಂಬಾ ಇಷ್ಟ, ಆದರೂ 2022ರ ಆ ಕೊನೆಯ ದೃಶ್ಯದಲ್ಲಿ ನಮ್ಮನ್ನು ನಿಲ್ಲಿಸಿ ಮೂರು ವರ್ಷ ಬಿಟ್ಟು ಬಂದರೆ ಯಾರ ಹೆಸರು ಏನು ಅಂತಲೂ ನೆನಪಿರುವುದಿಲ್ಲ. ಸೀರಿಯಲ್ ಅಂದರೆ ಜೊತೆ ಇರಬೇಕಾದದ್ದು. ಯಾವಾಗಲೋ ಒಮ್ಮೆ ಬಂದು ಹೋಗುವ ನೆಂಟರ ಥರ ಅಲ್ಲ.

ಆದರೆ ಈಗಲೂ ಕೆಲವರು ತಮ್ಮ ಕೈ ತಾವೇ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದಾರೆ, ಮತ್ತು ಅಂಥವೇ ನನ್ನ ಮನಸ್ಸಿನಲ್ಲಿ ಉಳಿದಿವೆ. 2019ರ ‘ಚೆರ್ನೋಬಿಲ್’ ಐದೇ ಎಪಿಸೋಡ್. ಅದಕ್ಕೆ ಸಂಗೀತ ಮಾಡಿದ ಹಿಲ್ಡುರ್ ಗುಡ್ನಡೊಟ್ಟಿರ್ ವಾದ್ಯಗಳನ್ನು ಪಕ್ಕಕ್ಕಿಟ್ಟು ಲಿಥುವೇನಿಯಾದ ಮುಚ್ಚಿದ ಅಣು ಸ್ಥಾವರಕ್ಕೆ ಹೋಗಿ ಅಲ್ಲಿನ ಬಾಗಿಲು, ಪಂಪು, ಗೋಡೆಗಳ ಸದ್ದು ರೆಕಾರ್ಡ್ ಮಾಡಿ ತಂದರು. ಬೀಗದ ಕೈ ಕಥೆ ನೆನಪಾಯಿತಲ್ವಾ?

‘ದಿ ಪಿಟ್’ 2025ರ ಜನವರಿಯಲ್ಲಿ ಬಂತು. ಒಂದು ಆಸ್ಪತ್ರೆಯ ತುರ್ತು ವಿಭಾಗ, 15 ಗಂಟೆ, 15 ಎಪಿಸೋಡ್. ಒಂದು ಎಪಿಸೋಡ್‌ಗೆ ಒಂದು ಗಂಟೆಯ ಕೆಲಸ. ಕ್ಯಾಮೆರಾ ಆ ಸೆಟ್ ಬಿಟ್ಟು ಹೊರಗೆ ಹೋಗುವುದೇ ಅಪರೂಪ, ಹಿನ್ನೆಲೆ ಸಂಗೀತವೂ ಇಲ್ಲ ಅನ್ನುವಷ್ಟು ಕಡಿಮೆ. ಆ ವರ್ಷ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿಯಲ್ಲಿ ಅತ್ಯುತ್ತಮ ಡ್ರಾಮಾ ಗೌರವ ಅದಕ್ಕೇ ಬಂತು. ಮುಂದಿನ ಜನವರಿಗೆ ಸರಿಯಾಗಿ ಎರಡನೇ ಸೀಸನ್ ಕೂಡ ಬಂತು. ಮನಸ್ಸಿದ್ದರೆ ಇದು ಸಾಧ್ಯ ಅಂತ ತೋರಿಸಿದರಲ್ಲ, ಅದಕ್ಕೇ ನನಗೆ ಅವರ ಮೇಲೆ ಅಷ್ಟು ಗೌರವ.

2025ರಲ್ಲೇ ಬಂದ ‘ಅಡಾಲೆಸೆನ್ಸ್’ ನಾಲ್ಕೇ ಎಪಿಸೋಡ್. ಒಂದೊಂದೂ ಒಂದೇ ಶಾಟ್, ಎಲ್ಲೂ ಕಟ್ ಇಲ್ಲ. ಮೂರನೆಯದರಲ್ಲಿ ಒಂದು ಕೋಣೆ, ಒಬ್ಬ ಹುಡುಗ, ಎದುರಿಗೆ ಮನಶ್ಶಾಸ್ತ್ರಜ್ಞೆ. ಹುಡುಗ ಓವನ್ ಕೂಪರ್‌ಗೆ ಅದು ಮೊದಲ ನಟನೆ, ಮತ್ತು ಶೂಟ್ ಆದದ್ದೂ ಆ ಎಪಿಸೋಡೇ ಮೊದಲು. ಮಧ್ಯದಲ್ಲಿ ಅವನಿಗೆ ನಿಜವಾಗಿಯೂ ಆಕಳಿಕೆ ಬಂತು. ಎದುರಿಗಿದ್ದ ಎರಿನ್ ಡೊಹರ್ಟಿ ತಡಮಾಡದೆ, ನನ್ನಿಂದ ಬೇಜಾರಾಗುತ್ತಿದೆಯಾ ಅಂತ ಕೇಳಿಯೇಬಿಟ್ಟರು. ಸ್ಕ್ರಿಪ್ಟ್‌ನಲ್ಲಿ ಇಲ್ಲದ ಮಾತು. ಹುಡುಗನ ಮುಖದಲ್ಲಿ ಒಂದು ಕ್ಷಣ ನಗು ಬಂದು ಹೋಗುತ್ತದೆ. ಕಟ್ ಮಾಡುವ ಅನುಕೂಲ ಇದ್ದಿದ್ದರೆ ಆ ಆಕಳಿಕೆ ಕಸದ ಬುಟ್ಟಿಗೆ ಹೋಗುತ್ತಿತ್ತು. ಈಗ ಅದೇ ಆ ಎಪಿಸೋಡ್‌ನ ಅತ್ಯಂತ ನಿಜವಾದ ಕ್ಷಣ.

ಕೊಲಂಬೊ ಬಗ್ಗೆ ಇನ್ನೊಂದೇ ಒಂದು ವಿಷಯ. ಅವನ ಮೊದಲ ಹೆಸರೇನು? ಫ್ರೆಡ್ ವರ್ತ್ ಅನ್ನುವವರು ತಮ್ಮ ಟ್ರಿವಿಯಾ ಪುಸ್ತಕದಲ್ಲಿ ‘ಫಿಲಿಪ್’ ಅಂತ ಬರೆದಿದ್ದರು. ಬೇಕಂತಲೇ ಹಾಕಿದ ಸುಳ್ಳು ಅದು, ಯಾರಾದರೂ ಪುಸ್ತಕ ಕದ್ದರೆ ಗೊತ್ತಾಗಲಿ ಅಂತ. ‘ಟ್ರಿವಿಯಲ್ ಪರ್ಸ್ಯೂಟ್’ ಅನ್ನುವ ಕ್ವಿಜ್ ಆಟದ ಕಾರ್ಡ್‌ನಲ್ಲಿ ಅದೇ ಉತ್ತರ ಬಂತು. 1984ರಲ್ಲಿ ಅವರು ಕೇಸ್ ಹಾಕಿದರು, ಸೋತರು. ಮಾಹಿತಿ ಯಾರೊಬ್ಬರ ಸ್ವತ್ತೂ ಅಲ್ಲ ಅಂತ ತೀರ್ಪು ಬಂತು. ಇನ್ನು ನಿಜವಾದ ಹೆಸರು? ಅವನ ಗುರುತಿನ ಚೀಟಿಯನ್ನು ಹತ್ತಿರದಿಂದ ತೋರಿಸುವ ಶಾಟ್‌ನಲ್ಲಿ ವಿಡಿಯೊ ನಿಲ್ಲಿಸಿ ನೋಡಿದರೆ ‘ಫ್ರಾಂಕ್’ ಅಂತ ಓದಬಹುದು. ಆ ಕಾಲದ ಪ್ರೇಕ್ಷಕರಿಗೆ ಟಿವಿಯನ್ನು ಹಾಗೆ ನಿಲ್ಲಿಸಲು ದಾರಿಯೇ ಇರಲಿಲ್ಲ.

ಇಲ್ಲ ಅನ್ನುವುದು ನೋಡುವವರಿಗೂ ಇತ್ತು. ಬಿಬಿಸಿಯವರು ಖರ್ಚು ಉಳಿಸಲು ಹಳೆಯ ಟೇಪ್‌ಗಳನ್ನು ಅಳಿಸಿ ಮತ್ತೆ ಬಳಸುತ್ತಿದ್ದರು. ಅರವತ್ತರ ದಶಕದ ‘ಡಾಕ್ಟರ್ ಹೂ’ ಎಪಿಸೋಡ್‌ಗಳಲ್ಲಿ ನೂರರ ಹತ್ತಿರ ಹೀಗೆ ಕಳೆದುಹೋದವು. ಕೆಲವು ವಿದೇಶದ ಟಿವಿ ಕೇಂದ್ರಗಳಿಗೆ ಮಾರಿದ ಫಿಲ್ಮ್ ಪ್ರತಿಗಳಾಗಿ ಸಿಕ್ಕಿವೆ, 2013ರಲ್ಲಿ ನೈಜೀರಿಯಾದಿಂದ ಒಂಬತ್ತು ವಾಪಸ್ ಬಂದವು ಅಂತ ಸುದ್ದಿಯಾಯಿತು. ಉಳಿದವುಗಳ ಚಿತ್ರ ಇಲ್ಲ. ಆದರೆ ಒಂದನ್ನೂ ಬಿಡದಂತೆ ಎಲ್ಲದರ ಸದ್ದು ಇದೆ. ಯಾಕೆ ಅಂದರೆ ವಿಡಿಯೊ ರೆಕಾರ್ಡರ್ ಇಲ್ಲದ ಆ ಕಾಲದಲ್ಲಿ ಕೆಲವು ಹುಡುಗರು ಮನೆಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಟಿವಿ ಮುಂದೆ ಮೈಕ್ ಹಿಡಿದು, ವಾರ ವಾರ ಕೂತು ರೆಕಾರ್ಡ್ ಮಾಡಿದ್ದರು. ಮತ್ತೆ ನೋಡಲಾಗದಿದ್ದರೂ ಮತ್ತೆ ಕೇಳಬಹುದಲ್ಲ ಅಂತ.

ಹೋದ ತಿಂಗಳು ಅಂಥ ಒಂದನ್ನು ದೀಪ ಆರಿಸಿ ಕೇಳಿದೆ. ಮಾತು, ಹೆಜ್ಜೆ ಸಪ್ಪಳ, ಯಾರೋ ಬಾಗಿಲು ಹಾಕಿದ್ದು. ಆಮೇಲೆ ಒಂದು ಕ್ಷಣ ಎಲ್ಲ ಸುಮ್ಮನಾಯಿತು. ಮೆಲ್ಲಗೆ, ಆ ಪಿಯಾನೊ ತಂತಿಯ ಮೇಲೆ ಬೀಗದ ಕೈ ಉಜ್ಜಿದ ಸದ್ದು ಶುರುವಾಯಿತು.